ಜೇನುಬಣ್ಣದ ಗಾಜು

ಶುಕ್ರವಾರ ಮಧ್ಯಾಹ್ನ 2.10ಕ್ಕೆ ಹಳೇ ಪಬ್ಬಿನ ಮಾಲೀಕ ಠಾಣೆಗೆ ಬಂದು ದೂರು ಕೊಟ್ಟ. ಇನ್ನೂರು ವರ್ಷದ ಆ ಪಬ್ಬಿನ ಪಡುವಣ ಕಿಟಕಿಯಿಂದ ಜೇನುಬಣ್ಣದ ಗಾಜೊಂದು ಕಳುವಾಗಿತ್ತು.

"ಅಂಥ ಗಾಜು ಮಾಡೋರು ಈಗ ಯಾರೂ ಉಳಿದಿಲ್ಲ ಸಾರ್. ಒಡೆದ್ರೆ ಮುಗೀತು. ಇಡಿಯಾಗಿ ಸಿಗಬೇಕು."

"ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ. ಬುಧವಾರ ನಮಗೆ ರಜ. ದಿನಾ ಬರೋ ತಾತ ಒಬ್ರು, 'ಏನಯ್ಯಾ, ಬಿಯರಿಗೆ ನೀರು ಬೆರೆಸಿದ್ಯಾ, ಬಣ್ಣವೇ ಇಲ್ಲ' ಅಂತ ರೇಗಿದ್ರು. ತಿರುಗಿ ನೋಡಿದ್ರೆ ಕಿಟಕೀಲಿ ಬಿಳೀ ಗಾಜು!"

ಎಫ್‌ಐಆರ್ ದಾಖಲಾಯಿತು. 3.40ಕ್ಕೆ ಇನ್‌ಸ್ಪೆಕ್ಟರ್ ದಫೇದಾರನೊಂದಿಗೆ ಪಬ್ಬಿಗೆ ಹೋದರು. ಬಾಗಿಲು ದಾಟಿದೊಡನೆ ಬೀದಿಯ ಸದ್ದು ನೀರಿನಲ್ಲಿ ಮುಳುಗಿದಂತೆ ದೂರವಾಯಿತು. ಕಾಲಿಗೆ ಸವೆದ ಹಲಗೆ, ಮೊಣಕೈಗೆ ನುಣುಪಾದ ಮೇಜು, ಹೊಗೆಗೆ ಕಪ್ಪಾದ ತೊಲೆ. ಉಳಿದ ಐದು ಗಾಜುಗಳಿಂದ ಇಳಿದ ಬೆಳಕು ಎಲ್ಲದರ ಮೇಲೂ ಕರಗಿದ ಜೇನಿನಂತೆ ಹರಿದಿತ್ತು. ಬಂದ ಕೆಲಸವನ್ನೇ ಇನ್‌ಸ್ಪೆಕ್ಟರ್ ಗಳಿಗೆ ಹೊತ್ತು ಮರೆತರು.

"ಸಾರ್, ಪಂಚನಾಮೆ," ದಫೇದಾರ ಮೆಲ್ಲಗೆ ಎಬ್ಬಿಸಿದಂತೆ ಅಂದ.

ಬಿಳಿ ಗಾಜನ್ನು ಕೂರಿಸಲು ಸುತ್ತ ಮೆತ್ತಿದ್ದ ಪುಟ್ಟಿ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ ತೀಡಲಾಗಿತ್ತು. ಗಾಜಿನ ಮೇಲೆ ಒಂದು ಕಲೆಯಿಲ್ಲ.

"ಕದಿಯೋಕೆ ಬಂದ್ರೂ ಕಸುಬು ಬಿಟ್ಟಿಲ್ಲ ನೋಡಿ ಸಾರ್," ಎಂದ ದಫೇದಾರ. "ಚೌಕಟ್ಟು ಖಾಲಿ ಬಿಡೋಕೆ ಮನಸ್ಸು ಬಂದಿಲ್ಲ ಮಹಾರಾಯನಿಗೆ."

"ಈ ಕಿಟಕಿ ರಿಪೇರಿ ಯಾರದು?"

ಮಾಲೀಕನ ಮುಖ ಬಾಡಿತು. "ಗಾಜಿನ ಕೆಲಸದವನೊಬ್ಬ ಇದಾನೆ. ಅವನ ಅಕ್ಕ ಇಲ್ಲೇ ಲೋಟ ತೊಳೀತಿದ್ಲು. ಕಣ್ಣು ಮಂಜಾಗಿ ಹೋದ ವರ್ಷ ಬಿಟ್ಲು. ಛೆ, ಅವನಲ್ಲ ಸಾರ್."

4.50. ಎರಡು ಬೀದಿಯಾಚೆ, ಮೂರನೇ ಮಹಡಿಯಲ್ಲಿ ಗಾಜಿನ ಕೆಲಸದವನ ಮನೆ. ಬಾಗಿಲು ತೆರೆದವನು ಖಾಕಿ ಕಂಡು ಓಡಲಿಲ್ಲ. ಒಳಗೆ ಕಿಟಕಿಯಲ್ಲಿ ಜೇನುಬಣ್ಣದ ಗಾಜು. ಎದುರಿನ ಕುರ್ಚಿಯಲ್ಲಿ ಮುದುಕಿಯೊಬ್ಬಳು ಬೆಳಕಿಗೆ ಮುಖವೊಡ್ಡಿ ಕೂತಿದ್ದಳು.

"ಯಾರೋ ಅದು?"

"ಗಿರಾಕಿ, ಅಕ್ಕ."

"ನೀನೇ ತೆಗೆದದ್ದಾ?" ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು.

"ಹೌದು ಸಾರ್."

"ಅಕ್ಕನ್ನೇ ಅಲ್ಲಿಗೆ ಕರ್ಕೊಂಡು ಹೋಗಬಹುದಿತ್ತಲ್ಲ?"

"ಮೆಟ್ಟಿಲಿಳಿಯೋಕೆ ಆಗಲ್ಲ ಸಾರ್. ಈ ತಿಂಗಳು ಕಳೆದ್ರೆ ಬೆಳಕೂ ಕಾಣಲ್ಲ ಅಂದಿದಾರೆ ಡಾಕ್ಟ್ರು."

"ಬಂದೋರನ್ನ ನಿಲ್ಲಿಸಿ ಮಾತಾಡ್ತೀಯೇನೋ? ಕೂರೋಕೆ ಹೇಳು," ಎಂದಳು ಅಕ್ಕ.

ಇನ್‌ಸ್ಪೆಕ್ಟರ್ ಕೂತರು. ದಫೇದಾರ ಟೋಪಿ ತೆಗೆದು ಗೋಡೆಗೊರಗಿದ. ಬೆಳಕು ಅವಳ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕೊರಳಿಗೆ ಇಳಿಯಿತು. 5.35ಕ್ಕೆ ಎದುರು ಕಟ್ಟಡದ ಹಿಂದೆ ಸೂರ್ಯ ಜಾರಿದ.

"ಹೊತ್ತು ಮುಳುಗಿತೇನೋ?"

"ಹೂಂ ಅಕ್ಕ. ಇವತ್ತಿಗೆ ಮುಗೀತು."

ಪುಟ್ಟಿಯನ್ನು ಅವನೇ ಕೊರೆದ. ಬೇರೆ ಯಾರ ಕೈಯಲ್ಲೂ ಆ ಗಾಜು ಉಳಿಯುತ್ತಿರಲಿಲ್ಲ. ಜಪ್ತಿ ಪಂಚನಾಮೆಯಲ್ಲಿ 'ಅಖಂಡ' ಎಂದು ಬರೆಯಲಾಯಿತು. ನೆರೆಮನೆಯಾಕೆಯನ್ನು ಅಕ್ಕನ ಬಳಿ ಕೂರಿಸಿ, 6.05ಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು.

ಕಾರಣ ಕೇಳಿದಾಗ ಅವನು ಕೊಟ್ಟ ಹೇಳಿಕೆ ಎರಡೇ ಸಾಲಿನದು. ಪಬ್ಬಿನಲ್ಲಿ ಲೋಟ ತೊಳೆಯುವ ತೊಟ್ಟಿ ಗೋಡೆಯ ಕಡೆಗಿದೆ. ನಲವತ್ತು ವರ್ಷ ಆ ಬೆಳಕು ಅಕ್ಕನ ಬೆನ್ನ ಮೇಲಷ್ಟೇ ಬಿದ್ದಿತ್ತು.