ಎಸ್‌ಎಸ್‌ಡಿ ಕದ್ದ ಮಧ್ಯಾಹ್ನಗಳು

“ಮುಟ್ಟಬ್ಯಾಡ್ರಿ ಅದನ್ನ.”

ಹಾಗೆ ಹೇಳುವಷ್ಟರಲ್ಲಿ ವರದಾ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೇಬಿಟ್ಟಿದ್ದಳು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಈಗಷ್ಟೇ ಮೆಟ್ಟಿಲು ಹತ್ತಿ ಬಂದ ಗಂಡಸಿನ ಕೈ!

ಸೊಲ್ಲಾಪುರದ ನವೀ ಪೇಠೆಯಲ್ಲಿ ಬಟ್ಟೆಯಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಸ್ಟುಡಿಯೋ. ಅಲ್ಲಿ ಮದುವೆಯ ಆಲ್ಬಂ ಸಿದ್ಧಪಡಿಸುವುದು ವರದಾಳ ಕೆಲಸ. ಸುತ್ತಲಿನ ಊರುಗಳ ಫೋಟೋಗ್ರಾಫರುಗಳು ಕ್ಯಾಮೆರಾದ ಕಾರ್ಡ್ ತಂದುಕೊಡುತ್ತಿದ್ದರು. ಅವಳು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಬಣ್ಣ ತಿದ್ದಿ, ಬೆವರು ಒರೆಸಿ, ಸೀರೆಯ ಅಂಚಿಗೆ ಹೊಳಪು ಕೊಡುತ್ತಿದ್ದಳು. ಕಂಪ್ಯೂಟರ್ ಮಾತ್ರ ಮುದಿಯಾಗಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೇ ನಿಂತದ್ದನ್ನು ಕಂಡು, ಅದು ಸತ್ತೇಹೋಯಿತೆಂದುಕೊಂಡ ಈ ಹೊಸಬ ತಾನು ತಂದ ಕಾರ್ಡ್ ಕೀಳಲು ಕೈ ಹಾಕಿದ್ದ.

“ನಿಂತಿಲ್ರಿ ಅದು, ನಡದದ. ಈಗ ಕಿತ್ತಿದ್ರ ಯಾರದೋ ಲಗ್ನ ಪೂರಾ ಹೋಗಿಬಿಡ್ತಿತ್ತು.”

“ನಮ್ಮ ನಾಗಣಸೂರದ್ದರಿ ಲಗ್ನ. ನಮ್ಮ ಓಣಿ ಹುಡುಗೀದು,” ಎಂದ ಆತ ಮೆಲ್ಲಗೆ. ಆಮೇಲೆ ಇನ್ನೂ ಮೆಲ್ಲಗೆ, “ಕೈ ಬಿಡ್ತೀರೇನ್ರಿ?” ಎಂದ.

ವರದಾ ಬೆಂಕಿ ಮುಟ್ಟಿದವಳಂತೆ ಕೈ ಬಿಟ್ಟಳು. ಆಮೇಲೆ ಇಬ್ಬರೂ ಪರೀಕ್ಷೆಯ ಫಲಿತಾಂಶ ಕಾಯುವವರಂತೆ ಆ ಹಸಿರು ಪಟ್ಟಿಯನ್ನೇ ನೋಡುತ್ತ ಕೂತರು. ಅವಳ ಬೆರಳಿನಲ್ಲಿ ಅವನ ನಾಡಿಯ ಬಡಿತ ಇನ್ನೂ ಉಳಿದಿತ್ತು.

ಹೀಗೆ ಯೋಗಿರಾಜ ಅವಳ ಬದುಕಿನೊಳಗೆ ಬಂದ.

ಅಕ್ಕಲಕೋಟೆಯ ಪೇಟೆಯಲ್ಲಿ ಅವನದೊಂದು ಚಿಕ್ಕ ಫೋಟೋ ಸ್ಟುಡಿಯೋ. ನಾಗಣಸೂರದಿಂದ ದುಧನಿಯವರೆಗೆ ಯಾವ ಹಳ್ಳಿಯಲ್ಲಿ ಲಗ್ನವಾದರೂ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊರಡುತ್ತಿದ್ದ. ಲಗ್ನ ಮುಗಿದ ವಾರದಲ್ಲಿ ಕಾರ್ಡ್ ಹಿಡಿದು ಸೊಲ್ಲಾಪುರಕ್ಕೆ. ಫೋಟೋಗಳು ಕಂಪ್ಯೂಟರಿಗೆ ಇಳಿಯುವ ತನಕ ಕಾರ್ಡ್ ವಾಪಸ್ ಸಿಗುವುದಿಲ್ಲವಲ್ಲ, ಅಲ್ಲಿಯ ತನಕ ಕೂತಿರಬೇಕು. ಅವನಿಗೆ ಅದು ಬೇಸರವಾದಂತೆ ಕಾಣುತ್ತಿರಲಿಲ್ಲ.

ಉಳಿದ ಫೋಟೋಗ್ರಾಫರುಗಳು ಒಂದೊಂದು ಲಗ್ನಕ್ಕೆ ಸಾವಿರಾರು ಫೋಟೋ ಸುರಿದು, ನೀವೇ ಆರಿಸಿಕೊಳ್ಳಿ ಎಂದು ಹೋಗಿಬಿಡುತ್ತಿದ್ದರು. ಯೋಗಿರಾಜ ಹಾಗಲ್ಲ. ಅಕ್ಕಲಕೋಟೆಯಿಂದ ಬರುವ ಬಸ್ಸಿನಲ್ಲೇ ಕೂತು, ಆಲ್ಬಮ್ಮಿಗೆ ಬೇಕಾದವಕ್ಕೆ ಮಾತ್ರ ಕ್ಯಾಮೆರಾದಲ್ಲೇ ಒಂದೊಂದು ನಕ್ಷತ್ರದ ಗುರುತು ಹಾಕಿ ತರುತ್ತಿದ್ದ. ವರದಾ ಗುರುತಿದ್ದವನ್ನಷ್ಟೇ ತೆರೆದರೆ ಸಾಕಿತ್ತು. ಯಾಕಿಷ್ಟು ತ್ರಾಸು ತಗೋತೀರಿ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ನಿಮ್ಮ ಮಿಷನ್ನಿಗೆ ಭಾರ ಆಗಬಾರದಲ್ಲ ಎಂದಿದ್ದ.

‘ಮಿಷನ್ನಿಗೋ… ನನಗೋ?’ ಎಂದು ಅವಳ ಮನಸ್ಸು ಕೇಳಿತ್ತು. ಬಾಯಿ ಕೇಳಲಿಲ್ಲ.

ಇನ್ನೊಂದು ಸಂಗತಿ. ಸೊಲ್ಲಾಪುರದಲ್ಲಿ ಪರಿಚಯದ ಹೆಣ್ಣುಮಕ್ಕಳನ್ನೆಲ್ಲ ‘ತಾಈ’ ಎನ್ನುವುದು ವಾಡಿಕೆ. ಮರಾಠಿಯಲ್ಲಿ ಅಕ್ಕ ಎಂದರ್ಥ. ಬಂದ ಫೋಟೋಗ್ರಾಫರುಗಳೆಲ್ಲ ಅವಳಿಗೆ ವರದಾ ತಾಈ ಎನ್ನುತ್ತಿದ್ದರು. ಇವನೊಬ್ಬ ಮಾತ್ರ ಅಪ್ಪಿತಪ್ಪಿಯೂ ಹಾಗೆ ಕರೆದವನಲ್ಲ. ಇದನ್ನು ವರದಾ ಗಮನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ!

ಆ ಮಧ್ಯಾಹ್ನಗಳು ಅವಳಿಗೆ ಕನಸಿನಂತಿದ್ದವು. ಪಡುವಣದ ಕಿಟಕಿಯಿಂದ ಹಳದಿ ಬಿಸಿಲು ಓರೆಯಾಗಿ ಒಳಗೆ ಬಂದು, ಧೂಳಿನ ಕಣಗಳನ್ನು ತೇಲಿಸುತ್ತಿತ್ತು. ಕೆಳಗೆ ಪೇಟೆಯ ಗದ್ದಲ ಎಲ್ಲೋ ದೂರದ ಊರಿನದೆನಿಸುತ್ತಿತ್ತು. ಕಂಪ್ಯೂಟರಿನೊಳಗೆ ಹಳೆಯ ಹಾರ್ಡ್ ಡಿಸ್ಕ್ ಕರ್ ಕರ್ ಎಂದು ತಿರುಗುತ್ತಿತ್ತು. ಒಂದು ಫೋಟೋ ಒತ್ತಿದರೆ ಮೊದಲು ಮಂಜು ಮುಸುಕಿದ ಬಣ್ಣಗಳಷ್ಟೇ ಕಾಣುತ್ತಿದ್ದವು. ನಿಧಾನವಾಗಿ ಅರಿಸಿನ ಹಚ್ಚಿದ ಕೆನ್ನೆ, ಆಮೇಲೆ ಮುಡಿಯ ಹೂದಂಡೆ, ಕೊನೆಗೆ ಕಣ್ಣು ಮೂಡುತ್ತಿದ್ದವು.

ಅದೇ ಅವರಿಬ್ಬರ ಆಟವಾಯಿತು. ಮಂಜು ಕರಗುವ ಮೊದಲೇ ಹೇಳಬೇಕು, ಅಳುತ್ತಿರುವುದು ಯಾರು? ಮದುಮಗಳ ತಾಯಿಯೋ, ಸೋದರತ್ತೆಯೋ? ಫೋಟೋ ತೆಗೆದವನೇ ಆಗಿದ್ದರೂ ಯೋಗಿರಾಜ ಬೇಕೆಂದೇ ತಪ್ಪು ಹೇಳುತ್ತಿದ್ದ. ಗೆದ್ದ ವರದಾ ನಗುತ್ತಿದ್ದಳು. ಆ ನಗೆಗಾಗಿಯೇ ಅವನು ಸೋಲುತ್ತಿದ್ದನೆಂದು ಅವಳಿಗೇನು ಗೊತ್ತು?

ಹೀಗಿರುವಾಗ ಒಂದು ದಿನ ಅವನು ಕ್ಯಾಮೆರಾ ಚೀಲದಿಂದ ಇಸ್ಪೀಟಿನ ಕಟ್ಟಿಗಿಂತ ತೆಳುವಾದ ಒಂದು ಚಪ್ಪಟೆ ಡಬ್ಬಿ ಹೊರತೆಗೆದ. ಎಸ್‌ಎಸ್‌ಡಿ, ಹೊಸ ಬಗೆಯ ಡಿಸ್ಕ್! ಇದನ್ನು ಹಾಕಿದರೆ ಈ ಮುದಿ ಕಂಪ್ಯೂಟರಿಗೆ ಪ್ರಾಯ ಬರುತ್ತದೆಂದ. ಸ್ಟುಡಿಯೋದ ಮಾಲೀಕ ಬಸವರಾಜ ಕಾಕಾ, ಕೊಡುವವನು ಕೊಡುತ್ತಿರುವಾಗ ನಾನ್ಯಾಕೆ ಬೇಡವೆನ್ನಲಿ ಎಂದು ನಕ್ಕು ಕೆಳಗಿಳಿದು ಹೋದರು.

ಯೋಗಿರಾಜ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಧೂಳು ಊದಿ, ಹೊಸದನ್ನು ಕೂರಿಸಿದ. ಕೆಲಸ ಮಾಡುತ್ತಲೇ ಅವಳಿಗೆ ತಿಳಿಸಿ ಹೇಳಿದ. ಹಳೆಯದರಲ್ಲಿ ಒಂದು ತಟ್ಟೆ ತಿರುಗುತ್ತಿರುತ್ತದೆ, ಒಂದು ಮುಳ್ಳು ಪ್ರತಿ ಫೋಟೋವನ್ನೂ ಹುಡುಕಿಕೊಂಡು ಓಡಾಡಬೇಕು, ತಡವಾಗುವುದು ಅದಕ್ಕೇ. ಇದರಲ್ಲಿ ತಿರುಗುವುದೇನೂ ಇಲ್ಲ. ಎಡಿಟಿಂಗ್ ಸಾಫ್ಟ್‌ವೇರನ್ನೂ ಈಗ ಕೆಲಸ ನಡೆದಿರುವ ಲಗ್ನವನ್ನೂ ಇದರಲ್ಲಿಡಬೇಕು. ಮುಗಿದ ಲಗ್ನಗಳು ಟ್ರಂಕಿನಲ್ಲಿಟ್ಟ ಸೀರೆಗಳ ಹಾಗೆ ಹಳೆಯದರಲ್ಲಿ ಬಿದ್ದಿರಲಿ.

“ಇನ್ನ ಕಾಯೋ ತ್ರಾಸ ಇಲ್ಲರಿ,” ಎಂದ ಕೊನೆಗೆ, ಹೆಮ್ಮೆಯಿಂದ ಕೈ ಒರೆಸಿಕೊಳ್ಳುತ್ತ.

ವರದಾ ಫೋಟೋ ಒತ್ತಿದಳು. ಬೆರಳು ಎತ್ತುವ ಮೊದಲೇ ಮದುಮಗಳ ಕಣ್ಣಿನ ರೆಪ್ಪೆಗೂದಲುಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಎದುರಿಗಿದ್ದವು. ಇನ್ನೊಂದು ಒತ್ತಿದಳು. ಮತ್ತೊಂದು. ಮಂಜಿಲ್ಲ. ಆಟವಿಲ್ಲ. ಕರ್ ಕರ್ ಸದ್ದೂ ಇಲ್ಲ. ಕೋಣೆ ಒಮ್ಮೆಗೇ ಮೂಕವಾದಂತಾಯಿತು.

‘ಕಾಯೋ ತ್ರಾಸ…’ ಅವಳ ಎದೆಯಲ್ಲಿ ಏನೋ ಚುಚ್ಚಿತು. ಯಾರಿಗೆ ತ್ರಾಸು? ಇಷ್ಟು ದಿನ ನನ್ನ ಪಕ್ಕ ಕೂತದ್ದು ಇವನಿಗೆ ತ್ರಾಸಾಗಿತ್ತೆ? ಬೇಗ ಕಾರ್ಡ್ ತಗೊಂಡು ಹೋಗಲೆಂದೇ ಇದನ್ನು ತಂದನೆ?

ನೋವಾದಾಗ ನಗುವುದು ಅವಳ ಕೆಟ್ಟ ಅಭ್ಯಾಸ.

“ಛಲೋ ಆತು ಬಿಡ್ರಿ. ನಿಮಗೂ ಇಲ್ಲಿ ಕುಂಡ್ರೂದು ತಪ್ಪತು,” ಎಂದುಬಿಟ್ಟಳು.

ಯೋಗಿರಾಜನ ಮುಖ ಸಣ್ಣದಾಯಿತು. ‘ಹಂಗಂದ್ರ ಇಷ್ಟು ದಿನ ನನ್ನ ಸಹಿಸಿಕೊಂಡಾರ, ಅಷ್ಟ,’ ಎಂದುಕೊಂಡ ಅವನು ಚಹಾಕ್ಕೂ ನಿಲ್ಲದೆ ಮೆಟ್ಟಿಲಿಳಿದ.

ಮಂಜಿನೊಳಗಿನ ಸೋದರತ್ತೆಯನ್ನು ಗುರುತಿಸುತ್ತಿದ್ದ ಈ ಇಬ್ಬರು ಜಾಣರಿಗೆ, ಮೊಳದ ದೂರದಲ್ಲಿದ್ದ ಮುಖ ಓದಲು ಬರಲಿಲ್ಲ ನೋಡಿ!

ಮುಂದಿನ ಸಲ ಅವನು ಬಂದಾಗ, ಚಹಾ ಹೇಳಿ ಕಳಿಸುವಷ್ಟರಲ್ಲಿ ಕಾರ್ಡ್ ಇಳಿದೇ ಹೋಗಿತ್ತು. ವರದಾ ಪರದೆ ನೋಡಿ ಹುಬ್ಬೇರಿಸಿದಳು. ಸಾವಿರಾರು ಫೋಟೋ, ಒಂದಕ್ಕೂ ನಕ್ಷತ್ರವಿಲ್ಲ.

“ಈ ಸಲ ಆರಿಸಿಲ್ರಿ…” ಎಂದ ಅವನು, ಮುಂದೇನೋ ಹೇಳಬೇಕೆಂದವನು ಅಲ್ಲಿಗೇ ನಿಂತ.

ಮಿಷನ್ ಜೋರಾಯಿತಲ್ಲ, ಇನ್ನು ಇವನೂ ಎಲ್ಲರಂತೆ ನನ್ನ ತಲೆಗೆ ಸುರಿಯುತ್ತಾನೆ ಎಂದುಕೊಂಡಳು ವರದಾ. ಇರಲಿ, ನಾನೇ ನೋಡುತ್ತೇನೆ, ನೀವು ಹೋಗಿ ಎಂದಳು. ಅವನು ಹೋದ. ಅದರ ಮುಂದಿನ ಸಲವೂ ಹಾಗೇ ಆಯಿತು. ಆಮೇಲೆ ಅವನು ಬರಲೇ ಇಲ್ಲ. ಬಸ್ಸಿಗೆ ಬರುವ ಊರಿನವರ ಕೈಯಲ್ಲಿ ಕಾರ್ಡ್ ಬಂತು, ಅದೂ ಗುರುತಿಲ್ಲದ್ದು.

ಈಗ ಕೆಲಸ ಬೇಗ ಮುಗಿಯುತ್ತಿತ್ತು. ಹೊತ್ತು ಮುಳುಗುವ ಮೊದಲೇ ಮನೆಗೆ ಬರುವ ಮಗಳನ್ನು ಕಂಡು ತಾಯಿ ಕಸ್ತೂರಬಾಯಿಗೆ ಸಂತೋಷ. ಆ ಸಂತೋಷದಲ್ಲೇ ಆಕೆ ವಿಷಯ ತೆಗೆದಳು. ಮಂಗಳವೇಢೆಯ ಹುಡುಗ, ಸರಕಾರಿ ಕಚೇರಿಯಲ್ಲಿ ಕ್ಲಾರ್ಕ್, ರವಿವಾರ ಹೆಣ್ಣು ನೋಡಲು ಬರುತ್ತಾರಂತೆ.

“ನಿನ್ನ ಮನಸ್ಸಿನ್ಯಾಗ ಬ್ಯಾರೆ ಏನರೆ ಇದ್ರ ಈಗ ಹೇಳು,” ಎಂದಳು ಕಸ್ತೂರಬಾಯಿ, ರೊಟ್ಟಿ ಬಡಿಯುವ ಕೈ ನಿಲ್ಲಿಸಿ. “ಅವರು ಬಂದು ಹೋದ ಮ್ಯಾಲ ಒಲ್ಲೆ ಅಂದ್ರ ಎರಡೂ ಮನಿ ಮರ್ಯಾದಿ ಹೋಗ್ತದ.”

ಏನಿದೆಯೆಂದು ಹೇಳಲಿ? ಅವನು ಏನಾದರೂ ಹೇಳಿದ್ದರೆ ತಾನೆ? ವರದಾ ತಾಟಿನ ಶೇಂಗಾ ಚಟ್ನಿಯನ್ನು ಬೆರಳಿನಿಂದ ಕೆದಕುತ್ತ ಕೂತಳು. ರವಿವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಅವಳು ಅವನ ಫೋಟೋಗಳನ್ನು ಸಿಟ್ಟಿನಿಂದಲೇ ಓಡಿಸುತ್ತಿದ್ದಳು. ಹೊಸ ಡಿಸ್ಕಿನ ದಯೆಯಿಂದ ಅವು ಒಂದರ ಹಿಂದೊಂದು ಸರಸರನೆ ಬರುತ್ತಿದ್ದವು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

ಇವು ಮನಸ್ಸಿಲ್ಲದವನು ತೆಗೆದ ಫೋಟೋಗಳಲ್ಲ. ಅಳುವ ತಾಯಿ ಒಂದು ಕಡೆಯಾದರೆ, ಪಕ್ಕದಲ್ಲೇ ಅಳು ತಡೆದ ಸೋದರತ್ತೆ. ಮದುಮಗಳ ನಗೆ ಒಂದಾದರೆ, ನಗೆ ಮುಚ್ಚಿದ ಬಳೆಗೈ ಇನ್ನೊಂದು. ಎಲ್ಲವೂ ಜೋಡಿ ಜೋಡಿ. ಇದಾ, ಅದಾ ಎಂದು ಇಬ್ಬರು ಕೂತು ವಾದ ಮಾಡಲೆಂದೇ ತೆಗೆದಂತಿದ್ದವು. ಇಷ್ಟು ಅಕ್ಕರೆಯಿಂದ ತೆಗೆದವನಿಗೆ ಆರಿಸುವುದು ಭಾರವಾಯಿತೆ?

ಇಲ್ಲ. ಇದರಲ್ಲೇನೋ ಇದೆ. ಕೇಳಿಯೇ ಬಿಡಬೇಕು.

ಗುರುವಾರ ಅವಳು ರಜೆ ಹಾಕಿ ಅಕ್ಕಲಕೋಟೆಯ ಬಸ್ಸು ಹತ್ತಿದಳು. ಅಲ್ಲಿಯ ಗುಡಿಗೆ ಸ್ವಾಮಿಗಳ ದರ್ಶನಕ್ಕೆ ಹೊರಟವರಿಂದ ಬಸ್ಸು ತುಂಬಿಹೋಗಿತ್ತು. ಉದ್ದಕ್ಕೂ ನಿಂತೇ ಹೋದಳು. ಕಿಟಕಿಯಾಚೆ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದರೆ, ಕೇಳಬೇಕೆಂದಿದ್ದ ಮಾತುಗಳೂ ಒಂದೊಂದಾಗಿ ಜಾರಿಹೋಗುತ್ತಿದ್ದವು. ಅವನ ಸ್ಟುಡಿಯೋ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವರು ಅವನು ಲಗ್ನದ ಫೋಟೋ ತೆಗೆಯಲು ಹೋಗಿದ್ದ ಮಂಗಲ ಕಾರ್ಯಾಲಯದ ದಾರಿ ತೋರಿಸಿದರು.

ಅವಳು ಒಳಗೆ ಕಾಲಿಟ್ಟಾಗ ವಧು ವರರ ನಡುವೆ ಅಂತರಪಟ ಹಿಡಿದಿದ್ದರು. ಮಂಗಲಾಷ್ಟಕ ಮುಗಿಯಿತು, ಪಟ ಸರಿಯಿತು, ಅಕ್ಷತೆಯ ಮಳೆ ಸುರಿಯಿತು. ಕ್ಯಾಮೆರಾ ಹಿಡಿದ ಯೋಗಿರಾಜ ಆ ಸಡಗರದ ನಡುವೆ ಒಂದು ಗಳಿಗೆ ತಿರುಗಿದ. ಬಾಗಿಲಲ್ಲಿ ವರದಾ! ಆದರೂ ವಧುವಿನ ಮೊದಲ ನೋಟ ಮತ್ತೆ ಸಿಗುವಂಥದಲ್ಲ, ತಿರುಗಿ ಕೆಲಸಕ್ಕೆ ನಿಂತ. ಅವಳಿಗೆ ಅವನ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಿತು.

ಅಡುಗೆಯವರ ಗದ್ದಲದಾಚೆ, ಕಾರ್ಯಾಲಯದ ಹಿತ್ತಲ ಬೇವಿನ ನೆರಳಿನಲ್ಲಿ ಅವನು ಅವಳೆದುರು ನಿಂತಾಗ ಅವನ ಕೂದಲಲ್ಲಿ ಅಕ್ಷತೆಯ ಕಾಳುಗಳಿದ್ದವು.

“ಒಂದ ಮಾತು ಕೇಳಿ ಹೋಗಾಕ ಬಂದೀನಿ,” ಎಂದಳು. “ಆರಸೂದು ಯಾಕ ಬಿಟ್ರಿ? ನನ್ನ ಮ್ಯಾಲ ಸಿಟ್ಟೇನು?”

ಅವನು ಕ್ಯಾಮೆರಾದ ಪಟ್ಟಿ ತಿರುವುತ್ತ ನಿಂತ. ಆಮೇಲೆ ತಲೆ ಎತ್ತದೆ ಹೇಳಿದ.

“ಮಿಷನ್ ಫಾಸ್ಟ್ ಆದ ಮ್ಯಾಲ ನಿಮ್ಮ ಬಾಜೂ ಕುಂಡ್ರಾಕ ನನಗ ನೆಪ ಉಳೀಲಿಲ್ಲರಿ. ಆರಿಸದ ತಂದ್ರ, ಬರ್ರಿ ಕೂಡಿ ಆರಸೂಣು ಅಂತೀರಿ ಅನಕೊಂಡಿದ್ದೆ. ನೀವು ಹೋಗ್ರಿ ಅಂದ್ರಿ.”

ವರದಾಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

“ಮತ್ತ ಆ ಎಸ್‌ಎಸ್‌ಡಿ ಯಾಕ ಹಾಕಿದ್ರಿ?”

“ನಿಮ್ಮ ಕಣ್ಣು ಕೆಂಪಾಗ್ತಿದ್ದುವು. ದಿನಾ ಸಂಜಿಕ್ಕ ಬಸ್ಸಿಗಿ ಓಡ್ತಿದ್ರಿ. ಕೆಲಸ ಲಗೂ ಮುಗದ್ರ, ಸಿದ್ಧೇಶ್ವರ ಕೆರಿ ದಂಡಿಗಿ ಅಡ್ಡಾಡಾಕ ಬರ್ರಿ ಅಂತ ಕರೀಬೇಕು ಅಂತ ಮಾಡಿದ್ದೆ. ಬಾಯಿ ತೆರಿಯೂದರಾಗ, ಕುಂಡ್ರೂದು ತಪ್ಪತು ಅಂದುಬಿಟ್ರಿ.”

ಅಯ್ಯೋ ದೇವರೇ… ಎರಡು ತಿಂಗಳ ಸಂಕಟ ಇಷ್ಟಕ್ಕೇನಾ! ಅವಳ ಕಣ್ಣು ತುಂಬಿ ಬಂತು. ಆದರೆ ಹೇಳಬೇಕಾದದ್ದು ಇನ್ನೂ ಇತ್ತು.

“ರವಿವಾರ ನನ್ನ ನೋಡಾಕ ಮಂಗಳವೇಢೆದವರು ಬರಾಕತ್ತಾರ.”

ಅವನ ಮುಖದ ಬಣ್ಣ ಇಳಿಯಿತು. ಒಳ್ಳೆಯ ಮನೆತನವೇ ಇರಬೇಕು ಎಂದ.

“ಮನೆತನದ ಮಾತು ಕೇಳಾಕ ನಾ ಇಷ್ಟು ದೂರ ನಿಂತು ಬಂದಿಲ್ಲ,” ಎಂದಳು ವರದಾ. “ನಿಮ್ಮ ಬಾಜೂ ಕುಂತ ಆ ಮಧ್ಯಾಹ್ನ ಬಿಟ್ರ ನನಗ ಬ್ಯಾರೆ ಏನೂ ನೆನಪಾಗವಲ್ದು. ಅದಕ್ಕ ಬಂದೀನಿ.”

ಯೋಗಿರಾಜ ಈ ಸಲ ತಲೆ ಎತ್ತಿದ. ಹೆದರಿದ್ದ, ಆದರೆ ಕಣ್ಣು ತಪ್ಪಿಸಲಿಲ್ಲ.

“ಬರೂದು ಬ್ಯಾಡ ಅನ್ರಿ ಅವರಿಗಿ. ನಮ್ಮವ್ವನ ಕರಕೊಂಡು ನಾ ಬರ್ತೀನಿ. ನನಗ ನಿಮ್ಮನ್ನ ಬಿಟ್ಟು ಇರಾಕ ಆಗೂದಿಲ್ಲ.”

ಅವಳು ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿದಳು. ಮಂಗಳವೇಢೆಯವರಿಗೆ ಬೇಡವೆಂದು ಹೇಳಿಬಿಡು, ನನ್ನ ಮನಸ್ಸಿನಲ್ಲಿ ಒಬ್ಬರಿದ್ದಾರೆ ಎಂದಳು.

“ಹುಡುಗ ಛಲೋ ಅದಾನೇನು?” ಎಂದಳು ಕಸ್ತೂರಬಾಯಿ.

“ಛಲೋ ಅದಾರವ್ವ. ಮಾತಾಡಾಕ ಅಷ್ಟ ತಡಾ ಮಾಡ್ತಾರ.”

“ನೀ ಏನ್ ಲಗೂ ಹೇಳಿದಿ?” ಎಂದ ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇವತ್ತೇ ಅವರಿಗೆ ತಿಳಿಸುತ್ತೇನೆ, ಇವನನ್ನು ನಾನೊಮ್ಮೆ ಕಣ್ಣಾರೆ ನೋಡಬೇಕು ಎಂದು ಫೋನ್ ಇಟ್ಟಳು.

ಒಳಗಿನಿಂದ ಯಾರೋ ಫೋಟೋಗ್ರಾಫರನನ್ನು ಕೂಗಿದರು. ಊಟದ ಪಂಗತಿ ಕೂತಿತ್ತು, ವಧು ವರರು ಒಬ್ಬರಿಗೊಬ್ಬರು ತುತ್ತು ಕೊಡುವ ಫೋಟೋ ಬಾಕಿ ಇತ್ತು. ಯೋಗಿರಾಜ ಎರಡು ಹೆಜ್ಜೆ ಹೋಗಿ ನಿಂತ. ಮೊದಲ ಸಲ, ‘ರಿ’ ಇಲ್ಲದೆ ಅವಳನ್ನು ಕರೆದ.

“ವರದಾ… ನಾ ಬರೂತನಕ ಕಾಯ್ತೀಯೇನು?”

ಅವಳು ಕಣ್ಣೊರೆಸಿಕೊಂಡು ಬೇವಿನ ಕಟ್ಟೆಯ ಮೇಲೆ ಕೂತಳು.

“ಕಾಯ್ತೀನ್ರಿ. ನೀವು ನಿಧಾನಕ್ಕ ಬರ್ರಿ.”