ಎರಡೂರಿನ ಬೀಗ

ಮಂಗಳವಾರ ಬೆಳಿಗ್ಗೆ ಠಾಣೆಗೆ ದೂರು ತಂದವಳು, ಹಿಂದಿನ ಮಧ್ಯಾಹ್ನ ಕಂಬದ ಮೇಲೆ ಕರೆಂಟು ಹೊಡೆದು ಸತ್ತ ಲೈನ್‌ಮನ್ನನ ಹೆಂಡತಿ. ಕೂತ್ಕೋಮ್ಮ ಎಂದರೂ ಕೂರಲಿಲ್ಲ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

"ಎರಡು ಬೀಗ ಬೀಳದೆ ನಮ್ಮನೆಯವರು ಕಂಬ ಹತ್ತೋರೇ ಅಲ್ಲ. ಬೀಗ ಬಿತ್ತು, ಹತ್ತು ಅಂತ ನಮ್ಮಣ್ಣನೇ ಫೋನ್ ಮಾಡಿ ಹೇಳಿದ್ದ. ಆಮೇಲೆ ಅದನ್ನ ತೆಗೆದಿದ್ದು ಯಾರು? ನನಗೆ ಅದೊಂದು ಗೊತ್ತಾಗ್ಬೇಕು."

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

ಅವಳು ನೆಲ ನೋಡಿದಳು. "ಒಂದು ಬೀಗ ನಮ್ಮಣ್ಣಂದು."

ಇನ್ಸ್‌ಪೆಕ್ಟರ್ ಕೂಡ ಹೆಂಗಸೇ. ಎಫ್‌ಐಆರ್ ಬರೆಯಲು ಹೆಡ್ ಕಾನ್ಸ್‌ಟೇಬಲ್‌ಗೆ ಸನ್ನೆ ಮಾಡಿದರು. ಎಂಥ ಮಾತನ್ನೂ "ಅಷ್ಟೇ" ಎಂದು ಮುಗಿಸುವ ಆ ಹೆಡ್ ಕಾನ್ಸ್‌ಟೇಬಲ್‌ಗೆ ಠಾಣೆಯವರು ಅಷ್ಟೇರಾಯರು ಎಂದೇ ಹೆಸರಿಟ್ಟಿದ್ದರು. ಅವತ್ತು ಅವರೂ ಅದನ್ನು ಮೆಲ್ಲಗೆ ಅಂದರು.

ಆ ಬೀಗಗಳಿದ್ದ ವಿದ್ಯುತ್ ಕೇಂದ್ರದ ಕತೆಯೇ ಬೇರೆ. ಮೇಲಿನೂರು, ಕೆಳಗಿನೂರು ಎರಡಕ್ಕೂ ಸೇರಿದ ಅರ್ಧರ್ಧ ಪಾಲಿನ ಆಸ್ತಿ ಅದು. ನೀನು ನಮ್ಮ ಲೈನು ತೆಗೆದೆ, ನೀನು ನಮ್ಮದು ತೆಗೆದೆ ಎಂದು ಎರಡೂರಿನವರು ವರ್ಷಗಟ್ಟಲೆ ಕಚ್ಚಾಡಿದ ಮೇಲೆ ಸರ್ಕಾರ ಜಂಟಿ ಸ್ಥಾವರಗಳಿಗೆಂದು ಒಂದು ಕಾಯಿದೆ ತಂದಿತ್ತು. ದುರಸ್ತಿಗೆಂದು ಲೈನು ತೆಗೆದು ಕರೆಂಟು ನಿಲ್ಲಿಸಿದಾಗ ಸ್ವಿಚ್ಚಿನ ಪೆಟ್ಟಿಗೆಗೆ ಎರಡು ಬೀಗ, ಒಂದೊಂದೂರಿನ ಆಪರೇಟರ್ ಹತ್ತಿರ ಒಂದೊಂದು ಕೀಲಿ, ಇಬ್ಬರೂ ಎದುರಿಗಿದ್ದಾಗ ಮಾತ್ರ ತೆಗೆಯಬೇಕು. ಅದೇ ಕಾಯಿದೆಯಲ್ಲಿ ಇನ್ನೊಂದು ಕಲಮೂ ಇತ್ತು: ಪ್ರತಿ ಪಾಲುದಾರನೂ ತನ್ನ ಕೃತ್ಯಕ್ಕೆ ಮಾತ್ರ ಹೊಣೆ, ಇನ್ನೊಬ್ಬನ ಕೃತ್ಯಕ್ಕಲ್ಲ. ಹೆಣ ಇಳಿಸುವ ಮೊದಲೇ ಎರಡೂರಿನ ವಕೀಲರು ಆ ಕಲಮು ಹಿಡಿದುಕೊಂಡು ಕೈ ತೊಳೆಯಲು ನಿಂತಿದ್ದರು. ಥೂ, ಸತ್ತವನ ಹೆಂಡತಿಗೆ ಒಂದು ಲೋಟ ನೀರು ಕೊಡಲು ಮಾತ್ರ ಒಬ್ಬನೂ ಬಂದಿರಲಿಲ್ಲ.

ಆ ಸೋಮವಾರ ಮಧ್ಯಾಹ್ನ ಠಾಣೆಯಲ್ಲೂ ಕರೆಂಟಿರಲಿಲ್ಲ. ಮೇಲಧಿಕಾರಿಗೆ ಕಳಿಸಬೇಕಾದ ವರದಿ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡು ಇನ್ಸ್‌ಪೆಕ್ಟರ್ ಸಿಡಿಮಿಡಿಗೊಂಡಿದ್ದರು. ಕೇಂದ್ರಕ್ಕೆ ಫೋನ್ ಮಾಡಿ ಎರಡು ಬಿರುಸು ಮಾತೂ ಆಡಿದ್ದರು. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಫ್ಯಾನು ಎರಡು ಸುತ್ತು ತಿರುಗಿತ್ತು. ನೋಡಿ, ಗದರಿಸಿದರೇನೇ ಕೆಲಸ ಆಗೋದು ಎಂದು ಅಷ್ಟೇರಾಯರಿಗೆ ಹೇಳಿ ನಕ್ಕಿದ್ದರು. ಮರುಗಳಿಗೆ ಫ್ಯಾನು ನಿಂತಿತ್ತು. ಈಗ ಆ ಹೆಂಗಸಿನೆದುರು ಅದೆಲ್ಲ ನೆನಪಿಗೆ ಬಂತು. ಊರಲ್ಲಿ ಯಾರು ತಾನೇ ಫೋನ್ ಮಾಡಿರಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಜೀಪು ಹತ್ತಿದರು.

ಕೇಂದ್ರದಲ್ಲಿ ಎರಡು ಬೀಗವೂ ಪೆಟ್ಟಿಗೆಯ ಮೇಲೆ ನೆಟ್ಟಗೆ ನೇತಾಡುತ್ತಿದ್ದವು, ಒಂದಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು. ಒತ್ತಿದರೆ ತಾನೇ ಬೀಳುವಂಥವು. ಮುರಿದ ಗುರುತಿಲ್ಲ, ಗೀರು ಕೂಡ ಇಲ್ಲ. ತೆಗೆದಿದ್ದರೆ ಕೀಲಿಯಿಂದಲೇ ತೆಗೆದಿರಬೇಕು.

ಮೇಲಿನೂರಿನ ಆಪರೇಟರ್ ಹಿರಿಯ. ಇಸ್ತ್ರಿ ಮಾಡಿದ ಅಂಗಿ, ಅಳೆದು ತೂಗಿ ಆಡುವ ಮಾತು. ಕೆಳಗಿನೂರಿನವನೇ ಬಂದು ಕಂಬದ ಕೆಲಸ ಮುಗಿಯಿತು ಎಂದ, ನಂಬಿ ನನ್ನ ಕೆಂಪು ಬೀಗ ತೆಗೆದೆ, ಹಸಿರನ್ನು ಅವನು ತೆಗೆದ ಎಂದು ಹೇಳಿಕೆ ಕೊಟ್ಟರು. ಹೇಳುವಾಗ ಒಮ್ಮೆಯೂ ಇನ್ಸ್‌ಪೆಕ್ಟರ್ ಮುಖ ನೋಡಲಿಲ್ಲ. ದುಃಖವಿರಬೇಕು ಎಂದುಕೊಂಡರು ಇನ್ಸ್‌ಪೆಕ್ಟರ್.

ಕೆಳಗಿನೂರಿನವನು, ಅಂದರೆ ಆ ಹೆಂಗಸಿನ ಅಣ್ಣ, ಒಂದು ಕೆನ್ನೆಗೆ ಕೈ ಹಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದ.

"ಬೀಗ ತೆಗೆದ್ಯಾ?"

ಅವನು ಕೈಯನ್ನು ಕೆನ್ನೆಗೆ ಇನ್ನಷ್ಟು ಒತ್ತಿಕೊಂಡ.

"ಆಗ ಎಲ್ಲಿದ್ದೆ?"

"ಕೇಳ್ಬೇಡಿ ಮೇಡಂ. ನನ್ನ ಬೀಗ, ನಂದೇ ತಪ್ಪು. ಹಾಗೇ ಬರ್ಕೊಳ್ಳಿ."

ಬೇರೆ ದಾರಿ ಇರಲಿಲ್ಲ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡರೂ, ಅವತ್ತು ಅವನನ್ನು ಪೇಟೆಬೀದಿಯಲ್ಲಿ ನಡೆಸಿಕೊಂಡು ಬಂದದ್ದಕ್ಕೆ ಇನ್ಸ್‌ಪೆಕ್ಟರಿಗೆ ಸಮಾಧಾನವಿರಲಿಲ್ಲ. ಜೀಪಿನಲ್ಲೇ ತರಬಹುದಿತ್ತು. ಜನ ನೋಡಲಿ ಎಂದಿದ್ದರು, ನೋಡಿದರು. ಠಾಣೆಯ ಬಾಗಿಲಲ್ಲಿ ತಂಗಿ ಎದುರಾದಳು. ಅಣ್ಣ ಕೆನ್ನೆಯಿಂದ ಕೈ ತೆಗೆಯಲಿಲ್ಲ. ಅವಳು ಮುಖ ತಿರುಗಿಸಿಕೊಂಡಳು. ಇಬ್ಬರ ಕೀಲಿಯನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ಅರಗು ಹಚ್ಚಿ ಜಪ್ತಿ ಮಾಡಲಾಯಿತು.

ಬುಧವಾರ ಅಷ್ಟೇರಾಯರು ಪೇಟೆ ಸುತ್ತಿ ಬಂದು, ಬಾಗಿಲು ಮುಂದಕ್ಕೆ ಮಾಡಿದರು.

"ಮೇಡಂ, ಅವನ ಕೆನ್ನೆ ನೋಡಿದ್ರಾ?"

ಕ್ಷೌರದಂಗಡಿಯವನು ಹೇಳಿದ್ದು ಇಷ್ಟು. ಸೋಮವಾರ ಮಧ್ಯಾಹ್ನ ಈ ಆಪರೇಟರ್ ಅವನ ಕುರ್ಚಿಯಲ್ಲಿದ್ದ. ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಕತ್ತಿ ಇಡಬೇಕು, ಅಷ್ಟರಲ್ಲಿ ಬೀದಿಯಲ್ಲಿ ಲೈನ್‌ಮನ್ ಸತ್ತುಹೋದ ಎಂದು ಯಾರೋ ಕೂಗಿದರು. ನೊರೆ ಮೆತ್ತಿಕೊಂಡೇ ಎದ್ದು ಓಡಿದ.

ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ಹೋಗಿ ನಿಂತರು. ಕೈ ತೆಗಿ ಎಂದರು. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ವಾರದ ಗಡ್ಡ. ಎರಡು ದಿನದಿಂದ ಊರೆಲ್ಲ ಆ ಮುಖ ನೋಡಿತ್ತು, ಅವರೂ ನೋಡಿದ್ದರು. ಕೊಲೆಗಾರ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದಾನೆ ಎಂದೇ ತಿಳಿದಿದ್ದರು.

"ಭಾವ ಸಾಯ್ತಾ ಇರುವಾಗ ನಾನು ಕನ್ನಡಿ ಮುಂದೆ ಕೂತಿದ್ದೆ ಮೇಡಂ," ಎಂದ ಅವನು. "ಅದನ್ನ ತಂಗಿಗೆ ಯಾವ ಬಾಯಲ್ಲಿ ಹೇಳ್ಲಿ?"

"ಕೀಲಿ ಎಲ್ಲಿತ್ತು?"

ಅವನು ಮತ್ತೆ ಕೆನ್ನೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ.

ಅದೇ ಮಧ್ಯಾಹ್ನ ಇಬ್ಬರು ಆಪರೇಟರುಗಳನ್ನೂ ಕರೆತಂದು, ಪಂಚರ ಎದುರು ಕೇಂದ್ರದಲ್ಲಿ ಪಂಚನಾಮೆ. ಎರಡೂರಿನ ವಕೀಲರು ಎರಡು ಗೋಡೆಗೆ ಒರಗಿ ನಿಂತಿದ್ದರು. ಇನ್ಸ್‌ಪೆಕ್ಟರ್ ಒಂದು ಲಕೋಟೆ ಒಡೆದು, ಕೆಳಗಿನೂರಿನವನಿಂದ ಜಪ್ತಿಯಾದ ಕೀಲಿಯನ್ನು ಅವನ ಹಸಿರು ಬೀಗಕ್ಕೆ ಹಾಕಿದರು. ತಿರುಗಲಿಲ್ಲ. ಎಣ್ಣೆ ಬಿಟ್ಟು ನೋಡಿದರು. ಊಹೂಂ. ಇನ್ನೊಂದು ಲಕೋಟೆ ಒಡೆದು, ಮೇಲಿನೂರಿನವರ ಕೀಲಿಯನ್ನು ಅವರ ಕೆಂಪು ಬೀಗಕ್ಕೆ ಹಾಕಿದರು. ಅದೂ ತಿರುಗಲಿಲ್ಲ. ಕೊನೆಗೆ ಕೀಲಿಗಳನ್ನು ಅದಲುಬದಲು ಮಾಡಿ ಹಾಕಿದರು. ಎರಡೂ ಬೀಗ ಟಕ್ಕೆಂದು ತೆರೆದುಕೊಂಡವು.

ಬೀಗಕ್ಕೆ ಬಣ್ಣವಿತ್ತು, ಕೀಲಿಗಿರಲಿಲ್ಲ. ಒಂದೇ ಕೈಯಲ್ಲಿ ಎರಡೂ ಸೇರದೆ ಹೀಗೆ ಅದಲುಬದಲಾಗಲು ಸಾಧ್ಯವೇ ಇರಲಿಲ್ಲ.

ಆಗ ಕೆಳಗಿನೂರಿನವನು ಬಾಯಿಬಿಟ್ಟ. ಕಾಯಿದೆ ಏನೇ ಹೇಳಲಿ, ಊಟಕ್ಕೋ ಕೆಲಸಕ್ಕೋ ಹೊರಗೆ ಹೋಗುವವನು ಇರುವವನ ಕೈಗೆ ತನ್ನ ಕೀಲಿ ಕೊಟ್ಟು ಹೋಗುವುದು ಇಬ್ಬರ ನಡುವಿನ ರೂಢಿ. ಊರೂರು ಕಚ್ಚಾಡಿದರೂ ನಾವಿಬ್ಬರು ಹಾಗಿರುವುದು ಬೇಡ ಎಂದು ಶುರುವಾದದ್ದು. ಸೋಮವಾರ ಓಡಿ ಬಂದಾಗ ಅಣ್ಣಾವ್ರು ಅಂಗೈಗೆ ತುರುಕಿದ್ದನ್ನು ನೋಡದೆ ಜೇಬಿಗೆ ಹಾಕಿಕೊಂಡಿದ್ದ. ಹಿರಿಯನನ್ನು ಅವನು ಅಣ್ಣಾವ್ರೇ ಎಂದೇ ಕರೆಯುತ್ತಿದ್ದುದು. ಇಷ್ಟೆಲ್ಲ ಹೇಳುವಾಗಲೂ ಅವನು ಹಾಗೇ ಕರೆದ.

ಹಿರಿಯ ಆಪರೇಟರ್ ಕುರ್ಚಿಗೆ ಕುಸಿದರು.

"ಅಳಿಯನ ಮನೆಯವರು ಮೊದಲನೇ ಸಲ ಊಟಕ್ಕೆ ಬಂದಿದ್ರು. ಕರೆಂಟಿಲ್ಲ, ಸೆಕೆ. ಕೇಂದ್ರಕ್ಕೇ ಯಜಮಾನ್ರು ಅಂತೀರಿ, ನಿಮ್ಮನೇಲೇ ಕತ್ತಲಾ ಅಂತ ಅಳಿಯನ ಅಪ್ಪ ನಕ್ಕರಂತೆ. ಮಗಳು ಫೋನ್ ಮಾಡಿದ್ಲು. ಯಜಮಾನ ಅಂತ ಜಂಭ ಕೊಚ್ಚಿದ್ದು ನಾನೇ. ಇನ್ನೊಬ್ಬನ ಕೀಲಿ ಇಲ್ದೆ ನನ್ನಿಂದ ಏನೂ ಆಗಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು."

"ಲೈನ್‌ಮನ್ ಕೆಳಗಿಳಿದ್ನಾ ಅಂತ ವಿಚಾರಿಸ್ಲಿಲ್ವಾ?"

"ಫೋನ್ ಮಾಡ್ದೆ, ಎತ್ತಲಿಲ್ಲ. ಕಂಬದ ಮೇಲಿರೋರು ಫೋನ್ ಎತ್ತಲ್ಲ, ಅದು ನನಗೆ ಗೊತ್ತು ಮೇಡಂ. ಆದ್ರೂ ಊಟಕ್ಕೆ ಇಳಿದಿರ್ತಾನೆ ಅಂತ ನನಗೆ ನಾನೇ ಹೇಳ್ಕೊಂಡೆ. ಆಗಲೂ ಬೀಗ ತೆಗೆಯೋಕೆ ಕೈ ಬರ್ಲಿಲ್ಲ. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು."

"ಯಾರದು?"

ಅವರು ಮೊದಲ ಸಲ ಇನ್ಸ್‌ಪೆಕ್ಟರ್ ಮುಖ ನೋಡಿದರು. "ನಿಮ್ಮದು. ಈಗಿಂದೀಗ ಕರೆಂಟು ಬರದಿದ್ರೆ ಜೀಪು ಕಳಿಸ್ತೀನಿ ಅಂದ್ರಿ. ಪೊಲೀಸ್ನೋರ ಜೀಪು ಬಂದು ನಿಂತಿದ್ದು ಗೊತ್ತಾದ್ರೆ ಅಳಿಯನ ಮನೆಯವರ ಮುಂದೆ..." ಎಂದು ಮತ್ತೆ ನೆಲ ನೋಡಿದರು. ದೂರುವ ದನಿಯೇನೂ ಇರಲಿಲ್ಲ.

ನೆಲ ಬಿರಿದು ನುಂಗಬಾರದೇ ಎನ್ನಿಸಿತು ಇನ್ಸ್‌ಪೆಕ್ಟರಿಗೆ. ವಕೀಲರಿಬ್ಬರೂ ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೇರಾಯರ ಪೆನ್ನು ನಿಂತಿತ್ತು.

"ಅಷ್ಟೇ, ಅಲ್ವಾ ಮೇಡಂ?" ಎಂದರು ಅವರು, ಕಾಗದದಿಂದ ತಲೆಯೆತ್ತದೆ. ಮೇಡಂ ಮಾನ ಉಳಿಸುವ ಆಸೆ ಆ ದನಿಯಲ್ಲಿತ್ತು.

"ಅಷ್ಟೇ ಅಲ್ಲ. ಅದನ್ನೂ ಬರೀರಿ. ನನ್ನ ಹುದ್ದೆ ಸಮೇತ."

ಸಂಜೆ ನಾಲ್ಕು ಗಂಟೆಗೆ ಹಿರಿಯ ಆಪರೇಟರ್ ಬಂಧನ ದಾಖಲಾಯಿತು. ಅವರನ್ನು ಯಾವ ಬೀದಿಯಲ್ಲೂ ನಡೆಸಲಿಲ್ಲ, ಜೀಪಿನಲ್ಲೇ ತಂದರು. ಕೀಲಿ ಕೈಬಿಟ್ಟದ್ದಕ್ಕೆ ಕೆಳಗಿನೂರಿನವನ ಮೇಲೂ ಕೇಸು ಉಳಿಯಿತು, ಮನೆಗೆ ಮಾತ್ರ ಬಿಟ್ಟರು.

ಸತ್ತವನ ಮನೆಗೆ ಇನ್ಸ್‌ಪೆಕ್ಟರ್ ತಾವೇ ಹೋದರು. ಅಣ್ಣ ತಂಗಿಯ ಹೊಸಲಿನ ಹೊರಗೆ ನಿಂತಿದ್ದ, ಒಳಗೆ ಬರಲು ಧೈರ್ಯವಿರಲಿಲ್ಲ. ಇನ್ಸ್‌ಪೆಕ್ಟರ್ ಯಾರು ತೆಗೆದರು, ಯಾಕೆ ತೆಗೆದರು ಎಲ್ಲವನ್ನೂ ಹೇಳಿದರು. ಕ್ಷೌರದ ಕುರ್ಚಿಯ ವಿಷಯವನ್ನೂ, ನೊರೆಯ ವಿಷಯವನ್ನೂ ಹೇಳಿದರು. ಕೊನೆಗೆ ತಮ್ಮ ಫೋನಿನ ವಿಷಯ. ಅದನ್ನು ಹೇಳುವಾಗ ನಾಲಿಗೆ ಎರಡು ಸಲ ತೊದಲಿತು.

ಹೆಂಗಸು ಮೆಲ್ಲಗೆ ಕೇಳಿದಳು.

"ಬಂತಾ ಮೇಡಂ, ನಿಮ್ಮ ಠಾಣೇಲಿ ಕರೆಂಟು?"

"ಬಂತಮ್ಮ. ಫ್ಯಾನು ಎರಡು ಸುತ್ತು ತಿರುಗ್ತು."

ಅವಳು ತಲೆಯಾಡಿಸಿದಳು. ಎದ್ದು ಹೊಸಲಿಗೆ ಹೋಗಿ, ಒಳಗೆ ಬಾ, ಮೊದಲು ಮುಖ ತೊಳ್ಕೋ ಎಂದು ಅಣ್ಣನ ಕೈ ಹಿಡಿದು ಎಳೆದುಕೊಂಡಳು. ಇನ್ಸ್‌ಪೆಕ್ಟರಿಗೆ ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಮರುದಿನ ಪ್ರಕರಣ ಬೇರೆ ಠಾಣೆಯ ಅಧಿಕಾರಿಗೆ ವರ್ಗವಾಯಿತು, ಕೇಳಿಕೊಂಡವರು ಇನ್ಸ್‌ಪೆಕ್ಟರೇ. ಸಾಕ್ಷಿಯಾಗಿ ಹೇಳಿಕೆ ಕೊಡಲು ಹೋದಾಗ ಆ ಅಧಿಕಾರಿ, ಒಂದು ಫೋನ್ ತಾನೇ ಮೇಡಂ, ಕಾಯಿದೆ ಪ್ರಕಾರ ಅವರವರ ಕೃತ್ಯಕ್ಕೆ ಅವರವರೇ ಹೊಣೆ, ಬಿಡಿ ಎಂದರು. ಹೌದು, ಅದಕ್ಕೇ ಬಂದಿದ್ದೀನಿ ಎಂದು ಹೇಳಿ ಇನ್ಸ್‌ಪೆಕ್ಟರ್ ತಮ್ಮ ಹೇಳಿಕೆಯನ್ನು ಸೋಮವಾರ ಮಧ್ಯಾಹ್ನದಿಂದ ಶುರು ಮಾಡಿದರು.