ದವಡೆ ಕೊಟ್ಟು ಕೇಳಿದವನು

"ಆ ಬೇಸ್ ಗಿಟಾರಿಗೆ ದವಡೆ ಮಾತ್ರ ಕೊಡಬೇಡಪ್ಪ. ರಿಪೇರಿ ಮಾಡು, ತಂತಿ ಕಟ್ಟು, ಏನಾದ್ರೂ ಮಾಡ್ಕೊ. ದವಡೆ ಇಟ್ಟು ಮಾತ್ರ ಕೇಳಬೇಡ."

ಫೋನಿನಲ್ಲಿ ಅತ್ತಿಗೆಯ ದನಿ ನಡುಗುತ್ತಿತ್ತು. ಅದರಲ್ಲಿ ಯಾರೋ ಮಾಟ ಇಟ್ಟಿದ್ದಾರಂತೆ, ಫೋನ್ ಮಾಡಿದ್ದು ಅಣ್ಣನಿಗೆ ತಿಳಿಯಬಾರದಂತೆ. ಅವನು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮರಳುಕಾಗದದಲ್ಲಿ ಮರದ ತುಂಡೊಂದನ್ನು ಉಜ್ಜುತ್ತಲೇ ನಕ್ಕ. ಮಾಟ ಮಾಡೋರಿಗೆ ನಿಂಬೆಹಣ್ಣು ಸಿಗದೆ ಗಿಟಾರಿಗೆ ಬಂದ್ರಾ ಅಂತ ಕೇಳಿದ. ಅತ್ತಿಗೆ ನಗಲಿಲ್ಲ. ಫೋನ್ ಇಟ್ಟರು.

ಅವನ ಕೆಲಸ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು. ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಮಂದಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, "ಕೇಳಿಸಿದರೆ ಕೈ ಎತ್ತಿ" ಅನ್ನುವವನು. ಹಾಗಾಗಿ ಬೀದಿಯಲ್ಲಿ ಎಲ್ಲರಿಗೂ ಅವನು ಕಿವಿಮೇಷ್ಟ್ರು. ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ಯಂತ್ರದಲ್ಲಿ ಕಾರಣ ಕಂಡವನು ಮಾಟಕ್ಕೆ ಯಾಕೆ ಹೆದರಿಯಾನು! ರಜೆಯ ದಿನ ಮಾತ್ರ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ಹೊಕ್ಕು, ಗಿಟಾರು ಬೇಸುಗಳ ಹೊಟ್ಟೆ ಬಗೆದು ಕೂರುವುದು ಅವನ ಹುಚ್ಚು. ಒಳಗೆ ಮರದ ಪುಡಿ, ವಾರ್ನಿಷು, ಕಾದ ಬೆಸುಗೆಯ ವಾಸನೆ. ಹೆಂಡತಿ ಅದನ್ನು ಅವನ ಎರಡನೇ ಸಂಸಾರ ಅನ್ನುತ್ತಿದ್ದಳು. ಆಕೆ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಪಾತ್ರೆ ತೊಳೆಯುತ್ತ, ಬಟ್ಟೆ ಮಡಚುತ್ತ, ಗೋಡೆಯಾಚೆಯಿಂದಲೇ ಊರ ಸುದ್ದಿಯೆಲ್ಲ ಹೇಳುವವಳು. ಒಂಚೂರು ಸುಮ್ಮನಿರೇ ಮಾರಾಯ್ತಿ ಅಂತ ಅವನು ಗೊಣಗುತ್ತಲೇ ಇರುತ್ತಿದ್ದ.

ದವಡೆಯ ಸಂಗತಿ ಅಣ್ಣತಮ್ಮಂದಿರ ಹಳೆಯ ಗುಟ್ಟು. ಅಪ್ಪ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದ ಕಾಲ. ಮನೆಯಲ್ಲಿ ಸದ್ದು ಮಾಡುವಂತಿಲ್ಲ. ಕರೆಂಟಿಗೆ ಸಿಕ್ಕಿಸದ ಬೇಸಿನ ತಂತಿ ಮೀಟಿದರೆ ಹೊರಗೆ ಕೇಳುವುದು ಬರೀ ಟಿಕ್ ಟಿಕ್. ಆದರೆ ಅದರ ಒಡಲಿನ ಮೇಲ್ಗಡೆ ಚಾಚಿಕೊಂಡಿರುವ ಕೊಂಬಿಗೆ ದವಡೆಯೆಲುಬು ಒತ್ತಿ ಹಿಡಿದರೆ, ಆಹಾ, ಇಡೀ ಬೇಸು ತಲೆಯೊಳಗೆ ನುಡಿಯುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ತಿಳಿಯುವುದಿಲ್ಲ. ಅದನ್ನು ಕಲಿಸಿದವನು ಅಣ್ಣ. ಒಂದೇ ಹಾಸಿಗೆಯ ಮೇಲೆ ಕೂತು ಸರದಿಯ ಮೇಲೆ ದವಡೆ ಇಡುತ್ತಿದ್ದರು. ಇದು ನಮ್ಮಿಬ್ಬರದೇ ರೇಡಿಯೊ ಕಣೋ ಅನ್ನುತ್ತಿದ್ದ ಅಣ್ಣ.

ಆ ಅಣ್ಣನಿಗೆ ಈಚೆಗೆ ಕಿವಿ ಮಂದವಾಗಿತ್ತು, ಇಲ್ಲವೆ ಹಾಗೆಂದು ಎಲ್ಲರೂ ಅಂದುಕೊಂಡಿದ್ದರು. ಯಾರು ಮಾತಾಡಿಸಿದರೂ ತುಟಿಯನ್ನೇ ನೋಡುತ್ತಿದ್ದ. ಕಿವಿಮೇಷ್ಟ್ರು ತಾನೇ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದ. ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ಅತ್ತಿಗೆ ಮಾತು ಕೇಳಬಾರದು ಅಂತ ನಾಟಕ ಆಡ್ತಿದೀಯ ಅಂತ ಎಲ್ಲರೆದುರು ನಗೆಯಾಡಿದ್ದ. ಅಣ್ಣ ಪೆಚ್ಚಾಗಿ ಎದ್ದು ಹೋಗಿದ್ದ. ಆಮೇಲೆ ಬಹಳ ದಿನ ಕಳೆದು ಈ ಬೇಸ್ ತಂದು ಕೈಗಿಟ್ಟ. ಕತ್ತು ಸಡಿಲವಾಗಿದೆ, ದಪ್ಪ ತಂತಿ ಗರಗರ ಅನ್ನುತ್ತೆ, ಸರಿಮಾಡಿಕೊಡು ಅಂದ. ತಮ್ಮನಿಗೆ ಖುಷಿಯೇ ಆಯಿತು. ಅಣ್ಣನ ಸಿಟ್ಟು ಇಳಿಯಿತಲ್ಲ ಅಂದುಕೊಂಡ.

ಅತ್ತಿಗೆ ಫೋನ್ ಇಟ್ಟ ಮೇಲೆ ಅವನು ಕತ್ತಿನ ತಿರುಪುಗಳನ್ನು ಬಿಚ್ಚಿದ. ಕತ್ತು ಕೂರುವ ಗುಳಿಯಿಂದ ಸುಟ್ಟ ಕೂದಲಿನ ವಾಸನೆ ಭಗ್ಗನೆ ಮುಖಕ್ಕೆ ಬಡಿಯಿತು. ತಳದಲ್ಲಿ ತಾಮ್ರದ ತಗಡು. ಕತ್ತಿನ ಓರೆ ಸರಿಹೋಗಲೆಂದು ಹೀಗೊಂದು ತೆಳ್ಳನೆಯ ಚೂರನ್ನು ಅಡಿಗಿಡುವುದು ಈ ಕೆಲಸ ಬಲ್ಲವರೆಲ್ಲ ಮಾಡುವ ಉಪಾಯವೇ. ಆದರೆ ಈ ತಗಡಿನ ಮೇಲೆ ಉಗುರಲ್ಲಿ ಗೀರಿದಂಥ ಗೆರೆಗಳಿದ್ದವು. ಗೆರೆಗಳ ನಡುವೆ ಕರಿಮೇಣ. ಮೇಣದೊಳಗೆ ಹೂತ ಕೂದಲು. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಅದನ್ನು ಇಕ್ಕಳದಲ್ಲಿ ಹಿಡಿದು ಆಚೆಗೆಸೆಯುತ್ತಿದ್ದರು. ಇವನು ಅಳತೆಪಟ್ಟಿ ತಂದ! ತಗಡು ತೆಗೆದರೆ ತಂತಿ ಎತ್ತರವಾಗುತ್ತದೆ, ಇಟ್ಟರೆ ಸರಿಯಾಗಿ ಕೂರುತ್ತದೆ. ಅಳತೆ ಸರಿಯಿದ್ದರೆ ದೆವ್ವವನ್ನಾದರೂ ಅಡಿಗಿಟ್ಟು ತಿರುಪು ಬಿಗಿಯುವ ಜಾತಿ ಈ ಹವ್ಯಾಸಿಗಳದು. ಒರೆಸಿ, ಅಲ್ಲೇ ಇಟ್ಟು, ತನ್ನ ಕೈಯಾರೆ ಬಿಗಿದ.

ತಂತಿ ಕಟ್ಟುವ ಹೊತ್ತಿಗೆ ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ ಹಗಲಲ್ಲೇ ಕಪ್ಪಾಯಿತು. ಪಕ್ಕದ ಲೇತ್ ಅಂಗಡಿಯವರ ಜನರೇಟರ್ ಗಡಗಡ ಶುರುವಾಯಿತು. ಗರಗರ ಹೋಯಿತೋ ಇಲ್ಲವೋ ಕೇಳಬೇಕಿತ್ತು. ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ ಕರೆಂಟಿಲ್ಲ. ಅತ್ತಿಗೆಯ ಮಾತು ನೆನಪಾಯಿತು. ನಗು ಬಂತು. ಕೊಂಬಿಗೆ ದವಡೆ ಒತ್ತಿ, ದಪ್ಪ ತಂತಿಯನ್ನು ಮೀಟಿದ.

ಅಂಥ ನಾದವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎಲುಬಿನಿಂದ ಎಲುಬಿಗೆ ಏರಿತು. ಹಲ್ಲಿನ ಬುಡ ಜುಮ್ಮೆಂದಿತು. ತಂತಿಯನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದ. ತಂತಿ ನಿಂತಿತು. ನಾದ ನಿಲ್ಲಲಿಲ್ಲ.

ಬಾಗಿಲು ತೆರೆಯಿತು. ಹೆಂಡತಿ ಟಾರ್ಚ್ ಹಿಡಿದು ನಿಂತಿದ್ದಳು. ಅವಳ ತುಟಿ ಆಡುತ್ತಿತ್ತು. ಕೈಯಲ್ಲಿದ್ದ ಲೋಟದೊಳಗೆ ಚಮಚ ಟಣ್ಣೆಂದದ್ದು ಕೇಳಿಸಿತು. ಜನರೇಟರ್ ಕೇಳಿಸಿತು. ಅವಳ ಬಾಯಿಂದ ಮಾತ್ರ ಬಂದದ್ದು ಅದೇ ದಪ್ಪ ತಂತಿಯ ಗುಂಯ್ ಅನ್ನುವ ನಾದ. ಮಗಳು ಅವಳ ಬೆನ್ನ ಹಿಂದಿನಿಂದ ಇಣುಕಿ ಏನೋ ಕೂಗಿದಳು. ಅದೂ ಗುಂಯ್. ಏನಂದೆ ಅಂತ ಕೇಳಿದ. ತನ್ನ ಗಂಟಲಿನಿಂದ ಹೊರಟದ್ದೂ ಗುಂಯ್.

ಮಾರನೆಯ ದಿನ ತನ್ನ ಕೋಣೆಯಲ್ಲಿ ತಾನೇ ಹೆಡ್‌ಫೋನ್ ಹಾಕಿಕೊಂಡು ಕೂತ. ಅತಿ ಸಣ್ಣ ಸದ್ದಿಗೂ ಕೈ ಎತ್ತಿದ. ಯಂತ್ರ ಗೀಚಿದ ಗೆರೆ ಅಣ್ಣನದರಂತೆಯೇ ಇತ್ತು, ಒಂದು ಕುಂದೂ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟುತ್ತಿದ್ದರು. ಅಣ್ಣ ಆ ದಿನ ಪೆಚ್ಚಾಗಿ ಎದ್ದು ಹೋದದ್ದು ಯಾಕೆಂದು ಆಗ ಹೊಳೆಯಿತು. ರಜೆ ಹಾಕಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಬೇಸಿನ ಎದುರು ಕುಸಿದ. ತಡೆಯಲಾರದೆ ಮತ್ತೆ ದವಡೆ ಇಟ್ಟ. ಒಳಗೆ, ಮರದ ಆಳದಲ್ಲಿ, ಹೆಂಡತಿ ಊರ ಸುದ್ದಿ ಹೇಳುತ್ತಿದ್ದಳು. ಮುಂದಿನ ಹಲ್ಲು ಬಿದ್ದ ಬಾಯಿಂದ ಮಗಳು ತೊದಲುತ್ತ ಪಾಠ ಓದುತ್ತಿದ್ದಳು. ಬೇಸು ನುಂಗಿದ ದನಿಯೆಲ್ಲ ಅಲ್ಲೇ ಇತ್ತು.

"ಬಾಗಿಲು ತೆಗಿಯೋ."

ಅವನು ಬೆಚ್ಚಿಬಿದ್ದ. ಮನುಷ್ಯರ ಮಾತು, ಸ್ಪಷ್ಟವಾಗಿ, ಒಂದಕ್ಷರ ಬಿಡದೆ. ತೆಗೆದರೆ ಅಣ್ಣ ಹೊಸ್ತಿಲಾಚೆ ನಿಂತಿದ್ದ. ಒಳಗೆ ಕಾಲಿಡಲಿಲ್ಲ. ಕಣ್ಣು ಅತ್ತು ಕೆಂಪಾಗಿತ್ತು, ಮುಖ ಮಾತ್ರ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡವನಂತಿತ್ತು. ನಿನ್ನೆ ಅತ್ತಿಗೆಯ ದನಿ ಕೇಳಿತಂತೆ. ಆಕೆ ಬೈದದ್ದೇ ಮೊದಲು ಕೇಳಿದ್ದಂತೆ, ಕೂತು ಅತ್ತುಬಿಟ್ಟನಂತೆ.

ಉಳಿದದ್ದನ್ನು ನೆಲ ನೋಡುತ್ತ ಹೇಳಿದ. ಬೇಸ್ ಮಾಡಿದವನ ಹೆಂಡತಿ ಯಾವನೋ ಹಾಡುಗಾರನ ದನಿಗೆ ಮರುಳಾಗಿ ಹೋದಳಂತೆ. ಯಾರಿಗೂ ಅವರವರ ಮನೆಯವರ ದನಿ ದಕ್ಕಬಾರದೆಂದು ಅವನು ಮಾಟ ಮಾಡಿಸಿ ತಗಡು ಇಟ್ಟನಂತೆ. ಅಣ್ಣನಿಗೆ ಅದನ್ನು ದಾಟಿಸಿದವನು ಅಣ್ಣ ನುಡಿಸುತ್ತಿದ್ದ ವಾದ್ಯತಂಡದ ಡ್ರಮ್ಮರ್. ಕೊಟ್ಟವನ ದನಿಯೊಂದು ಮಾತ್ರ ತಗೊಂಡವನಿಗೆ ಕೇಳಿಸುತ್ತದೆ. ಆ ಡ್ರಮ್ಮರ್ ಫೋನಿಗೂ ಸಿಗದಂತೆ ಊರು ಬಿಟ್ಟು ಹೋದ ಮೇಲೆ ಅಣ್ಣನಿಗೆ ಅದೂ ಇಲ್ಲ.

"ಹೇಳದೆ ಕೊಟ್ರೆ ಅದು ದಾಟಲ್ಲ ಕಣೋ. ಬೇಡ ಅಂತ ಹೇಳ್ಬೇಕು. ಹೇಳಿದ ಮೇಲೂ ಅವನೇ ನಕ್ಕು ತಗೋಬೇಕು."

"ಅತ್ತಿಗೆ ಫೋನ್?"

"ಅವಳಿಗೆ ಇಷ್ಟೆಲ್ಲ ಗೊತ್ತಿರ್ಲಿಲ್ಲ. ದವಡೆ ಇಟ್ರೆ ತಮ್ಮ ಹಾಳಾಗ್ತಾನೆ ಅಂತಷ್ಟೇ ಅವಳ ಮುಂದೆ ಅತ್ಕೊಂಡೆ. ನನಗೆ ತಿಳೀದ ಹಾಗೆ ನಿನಗೆ ಹೇಳ್ತಾಳೆ ಅಂತ ಗೊತ್ತಿತ್ತು. ಬೇಡ ಅಂದಿದ್ದನ್ನ ನೀನು ಮಾಡ್ದೆ ಬಿಡಲ್ಲ ಅಂತಾನೂ ಗೊತ್ತಿತ್ತು."

ಆ ಎಚ್ಚರಿಕೆಯೇ ಮಂತ್ರವಾಗಿತ್ತು. ಒಂದೇ ಹಾಸಿಗೆ, ಒಂದೇ ಹೊದಿಕೆ, ಸರದಿಯ ಮೇಲೆ ಇಟ್ಟ ದವಡೆ ತಮ್ಮನ ಕಣ್ಣಮುಂದೆ ಬಂದವು. ಊರ ಶತ್ರುವಿನಿಂದ ಬಂದಿದ್ದರೆ ತಡೆದುಕೊಳ್ಳುತ್ತಿದ್ದ.

"ನಾನೇ ಬೇಕಿತ್ತಾ ಅಣ್ಣ?"

"ದವಡೆ ಇಟ್ಟು ಕೇಳೋನು ಬೇರೆ ಯಾರಿದ್ದಾನೋ? ನಾನು ಕಲಿಸಿದ್ದು ನಿನಗೊಬ್ಬನಿಗೇ." ಅಣ್ಣ ಹಿಂದೆ ಸರಿದ. "ನೀನೂ ಯಾರಿಗಾದ್ರೂ ದಾಟಿಸು. ಒಡೀಬೇಡ. ಒಡೆದ್ರೆ ಒಳಗಿರೋದು ಅಲ್ಲೇ ಸಾಯುತ್ತೆ." ಮೆಟ್ಟಿಲ ಬಳಿ ಅವನು ಹೆಚ್ಚುಕಮ್ಮಿ ಓಡಿದ.

ಅಂದಿನಿಂದ ತಮ್ಮ ಆ ಕೋಣೆ ಬಿಟ್ಟು ಏಳಲಿಲ್ಲ. ದವಡೆ ಇಟ್ಟು ಕೂತೇ ಇರುತ್ತಿದ್ದ. ಹೆಂಡತಿ ಎದುರು ಬಂದು ತುಟಿಯಾಡಿಸಿ, ಅತ್ತು, ಹೋಗುತ್ತಿದ್ದಳು. ಎದುರಿಗಿರುವವಳನ್ನು ಬಿಟ್ಟು ಮರದೊಳಗಿನವಳನ್ನು ಕೇಳುತ್ತ ಕೂರುವ ಗಂಡನನ್ನು ಯಾವ ಹೆಂಡತಿ ಸಹಿಸಿಯಾಳು? ಯಾರಿಗೆ ದಾಟಿಸಲಿ ಎಂದು ಅವನು ಯೋಚಿಸಲಿಲ್ಲವೆಂದಲ್ಲ. ಬಗೆಬಗೆಯ ಮುಖಗಳನ್ನು ತಂದು ನೋಡಿದ. ಸಹೋದ್ಯೋಗಿ, ಲೇತ್ ಅಂಗಡಿಯವನು, ತಂತಿ ಮಾರುವವನು. ಪ್ರತಿ ಮುಖಕ್ಕೂ ಮನೆಯಲ್ಲಿ ಯಾರೋ ಮಾತಾಡುವವರಿದ್ದರು.

ಒಂದು ಸಂಜೆ ನೀರು ಕುಡಿಯಲು ಎದ್ದುಹೋಗಿ ಬಂದ. ಬಾಗಿಲು ಅರೆ ತೆರೆದಿತ್ತು. ಒಳಗೆ ಮಬ್ಬು. ಸುಟ್ಟ ಕೂದಲಿನ ವಾಸನೆ. ಮಗಳು ಸ್ಟೂಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬೇಸ್. ಅಪ್ಪ ಕೂರುವ ಹಾಗೆಯೇ ಕೂತಿದ್ದಳು. ಪುಟ್ಟ ದವಡೆ ಕೊಂಬಿನತ್ತ ಬಾಗುತ್ತಿತ್ತು.

ಬೇಡ ಎಂಬ ಮಾತು ಗಂಟಲಿಗೆ ಬಂತು. ನಾಲಿಗೆಯ ತುದಿಗೆ ಬಂತು. ಅಲ್ಲಿ ನಿಂತಿತು. ಬೇಡ ಅನ್ನುವಂತಿಲ್ಲ. ಅಂದರೆ ದಾರಿ ತೆರೆಯುತ್ತದೆ. ಅವಳು ನಗುತ್ತಾಳೆ. ಅವನದೇ ರಕ್ತ, ಬೇಡ ಅಂದದ್ದನ್ನು ಮಾಡಿಯೇ ಮಾಡುತ್ತಾಳೆ. ತಲೆಯೊಳಗಿನ ಗುಂಯ್ ಸಟ್ಟನೆ ತಗ್ಗಿತು. ಹೇಳು ಅಂದಿತು ಆ ನಿಶ್ಶಬ್ದ. ಒಂದೇ ಮಾತು. ನಿನ್ನ ಹೆಂಡತಿ ನಿನಗೆ ವಾಪಸ್ಸು. ಹೇಳು. ಅಪ್ಪಂದಿರೆಲ್ಲ ಹೇಳುವ ಮಾತೇ ಅಲ್ಲವೇ? ಅವನ ತುಟಿ ತೆರೆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹಲ್ಲಿನಿಂದ ಅಂಗೈ ಕಚ್ಚಿದ. ರಕ್ತದ ರುಚಿ. ಮಗಳು ದವಡೆ ಇಟ್ಟಳು. ತಂತಿ ಮೀಟಿದಳು. ತಲೆಯೆತ್ತಿ ನಕ್ಕಳು. ಅವಳಿಗೆ ಏನೂ ಆಗಲಿಲ್ಲ. ಬೇಡ ಅನ್ನಿಸಿಕೊಳ್ಳದವರಿಗೆ ಅದು ಬರೀ ಮರ, ಬರೀ ತಂತಿ.

ಅವನು ಬೇಸನ್ನು ಕಿತ್ತುಕೊಂಡ. ಮಗಳು ಹೆದರಿ ಆಚೆ ಓಡಿದಳು. ಗರಗಸ ಕೈಗೆ ಸಿಕ್ಕಿತು. ಕತ್ತಿನ ಬುಡಕ್ಕೆ ಹಿಡಿದ. ಎಳೆದ. ದವಡೆ ಇಡದೆಯೂ ಕೇಳಿಸತೊಡಗಿತು. ಹೆಂಡತಿ ಕಿರುಚುತ್ತಿದ್ದಳು, ಮರದೊಳಗೆ. ಮಗಳು ಅಪ್ಪಾ ಅನ್ನುತ್ತಿದ್ದಳು, ಮರದೊಳಗೆ. ಎಳೆದ. ಮರದ ಪುಡಿ ಕೆಂಪಗೆ ಉದುರಿತು. ಅಪ್ಪಾ. ಎಳೆದ. ಅಪ್ಪಾ. ತಂತಿ ಪಟಾರನೆ ಹರಿದು ಕೆನ್ನೆ ಸೀಳಿತು. ತಗಡು ಎರಡಾಯಿತು. ಅಪ್ ಅಂತ ಅರ್ಧಕ್ಕೇ ಕಡಿದುಹೋಯಿತು.

ಆಮೇಲೆ ಗುಂಯ್ ಮಾತ್ರ ಉಳಿಯಿತು. ಅದು ಹೋಗಲೇ ಇಲ್ಲ. ಹೆಂಡತಿಗೆ ಎಲ್ಲವನ್ನೂ ಬರೆದು ತಿಳಿಸಿದ. ನಂಬಿದಳೋ ಇಲ್ಲವೋ, ಅವನ ಕೆನ್ನೆಗೆ ಮುಲಾಮು ಹಚ್ಚುತ್ತ ಬಹಳ ಹೊತ್ತು ತುಟಿಯಾಡಿಸಿದಳು. ಮಗಳು ಕೈಸನ್ನೆಯಲ್ಲಿ ಹಸಿವು, ನಿದ್ದೆ ಹೇಳುವುದನ್ನು ಬಲುಬೇಗ ಕಲಿತಳು. ಅವಳಿಗೆ ಹೊಸ ಹಲ್ಲು ಬಂತು. ಈಗ ಅವಳ ದನಿ ಹೇಗಿದೆಯೋ ಅವನಿಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಅಣ್ಣನ ಮುಖ ನೋಡುವುದಿಲ್ಲವೆಂದು ಅವನು ಆಣೆ ಮಾಡಿದ್ದ. ಬಹಳ ದಿನ ಹಾಗೇ ಇದ್ದ. ಒಂದು ಮಧ್ಯಾಹ್ನ, ಮನೆ ತುಂಬ ಬಂದ ನೆಂಟರೆಲ್ಲ ಗುಂಯ್‌ಗುಟ್ಟುತ್ತ ನಗುತ್ತಿರುವಾಗ, ಎದ್ದು ಆ ಖಾಲಿ ಕೋಣೆಗೆ ಹೋಗಿ ಫೋನ್ ಮಾಡಿದ. ಜನ್ಮ ಜಾಲಾಡುವಷ್ಟು ಬೈಗುಳ ಕೂಡಿಟ್ಟುಕೊಂಡಿದ್ದ.

"ಹಲೋ," ಅಂದ ಅಣ್ಣ. ಒಂದಕ್ಷರ ಬಿಡದೆ ಕೇಳಿಸಿತು.

ಬೈಗುಳವೆಲ್ಲ ಕರಗಿಹೋಯಿತು. ಅವನು ಗೋಡೆಗೆ ಒರಗಿ ನೆಲಕ್ಕೆ ಜಾರಿದ. ತನಗೆ ಗುಂಯ್ ಎಂದಷ್ಟೇ ಕೇಳುವ ದನಿಯಲ್ಲೇ ಮಾತಾಡಿದ.

"ಊಟ ಆಯ್ತಾ ಅಣ್ಣ?"

"ಆಯ್ತು ಕಣೋ," ಅಂದಿತು ಆ ದನಿ, ಹೆದರಿ.

"ಏನೇನಿತ್ತು? ಒಂದೊಂದೇ ಹೇಳು. ನಿಧಾನವಾಗಿ ಹೇಳು," ಅಂದ ಅವನು. "ಫೋನ್ ಇಡಬೇಡ."